ಮರಿ ಮಾಡುವ ಯಂತ್ರದಲ್ಲಿ ತೇವಾಂಶದ ನಿರ್ವಹಣೆ: ಪಂಚಾಯಿತಿ ಸದಸ್ಯರು ಅರಿಯಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಶುವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ನಾಟಿ ಕೋಳಿಯೊಂದು ಒಂದು ಬಾರಿಗೆ ಹತ್ತು ಹನ್ನೆರಡು ಮೊಟ್ಟೆಗಳಿಗೆ ಮಾತ್ರ ಕಾವು ಕೊಡಬಲ್ಲದು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂತಹ ತಳಿಗಳಲ್ಲಿ ಕಾವಿಗೆ ಕೂರುವ ಗುಣವೇ ಕಡಿಮೆ. ಆದುದರಿಂದ ಐವತ್ತು, ನೂರು ಮೊಟ್ಟೆ ಹಿಡಿಯುವ ಸಣ್ಣ ವಿದ್ಯುತ್ ಯಂತ್ರಗಳು ಸ್ವಸಹಾಯ ಗುಂಪುಗಳ ಸಾಲದ ಮೂಲಕ ನಮ್ಮ ಹಳ್ಳಿಗಳ ಮನೆಗಳನ್ನು ಪ್ರವೇಶಿಸಿವೆ. ಆದರೆ ಎರಡು ಮೂರು ಬಾರಿ ಮರಿ ಹೊರಬರದೆ ಹೋದರೆ ಯಂತ್ರವು ಅಟ್ಟ ಸೇರುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ. ಯಂತ್ರ ಕೆಟ್ಟದ್ದೆಂದು ಕೆಲವರು, ಮೊಟ್ಟೆ ಸರಿಯಿಲ್ಲವೆಂದು ಕೆಲವರು, ಆ ಮಹಿಳೆಯ ಕೈಗುಣ ಸರಿಯಿಲ್ಲವೆಂದು ಇನ್ನು ಕೆಲವರು ಹೇಳುವುದುಂಟು. ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿದ್ದರೆ, ಅನೇಕ ವೇಳೆ ದೋಷವಿರುವುದು ನೀರಿನ ಲೆಕ್ಕದಲ್ಲಿ. ಇಂದಿನ ನನ್ನ ಮಾತು ಆ ಲೆಕ್ಕವನ್ನು ಕುರಿತದ್ದು.

1. ಮೊಟ್ಟೆಯು ತೂಕ ಕಳೆದುಕೊಳ್ಳಲೇಬೇಕು

ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ಪ್ರಾಣವಾಯು ಒಳಗೆ ಹೋಗುತ್ತದೆ, ನೀರಾವಿ ಹೊರಗೆ ಬರುತ್ತದೆ. ಹೀಗೆ ಮೊದಲ 18 ದಿನಗಳಲ್ಲಿ ಮೊಟ್ಟೆಯು ತನ್ನ ತೂಕದ ಶೇ. 11ರಿಂದ 13ರಷ್ಟನ್ನು ಕಳೆದುಕೊಳ್ಳಬೇಕು. ನೀರು ಹೋದ ಜಾಗದಲ್ಲಿ, ಮೊಟ್ಟೆಯ ಅಗಲವಾದ ತುದಿಯಲ್ಲಿರುವ ಗಾಳಿಕೋಶ ಹಿಗ್ಗುತ್ತದೆ. ಚಿಪ್ಪನ್ನು ಒಡೆಯುವ ಮುನ್ನ ಮರಿಯು ತನ್ನ ಕೊಕ್ಕನ್ನು ಈ ಕೋಶಕ್ಕೆ ತೂರಿಸಿ ಮೊದಲ ಉಸಿರನ್ನು ಎಳೆಯುತ್ತದೆ.

ಯಂತ್ರದೊಳಗೆ ತೇವಾಂಶ ಅತಿಯಾದರೆ ಗಾಳಿಕೋಶ ಚಿಕ್ಕದಾಗಿಯೇ ಉಳಿಯುತ್ತದೆ. ಮರಿಗೆ ಉಸಿರಾಡಲು ಗಾಳಿ ಸಾಲದು, ತಿರುಗಲು ಸ್ಥಳ ಸಾಲದು. ತೇವಾಂಶ ತೀರಾ ಕಡಿಮೆಯಾದರೆ ಮರಿ ಸಣ್ಣದಾಗಿ, ಬಲಹೀನವಾಗಿ ಬೆಳೆಯುತ್ತದೆ ಮತ್ತು ಒಳಪೊರೆ ಒಣಗಿ ಅದರ ಮೈಗೆ ಅಂಟಿಕೊಳ್ಳುತ್ತದೆ. ಎರಡೂ ಮರಣಕ್ಕೆ ಕಾರಣ. ತೇವಾಂಶ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭಾವನೆ ಆದುದರಿಂದ ತಪ್ಪು.

2. ಒಂದೇ ಜಿಲ್ಲೆ, ಮೂರು ಬಗೆಯ ಹವೆ

ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್, ಮೊದಲ 18 ದಿನ ತೇವಾಂಶ ಶೇ. 50ರಿಂದ 55 ಇರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಯಂತ್ರದ ಜೊತೆಗೆ ಬರುವ ಚೀಟಿಯಲ್ಲಿ ನೀರಿನ ತೊಟ್ಟಿಗಳನ್ನು ತುಂಬಿರಿ ಎಂದಷ್ಟೇ ಇರುತ್ತದೆ. ಎಲ್ಲಿ, ಯಾವ ಋತುವಿನಲ್ಲಿ ಎಂಬುದು ಅದರಲ್ಲಿಲ್ಲ.

ಯಂತ್ರದೊಳಗೆ ಬರುವುದು ಹೊರಗಿನ ಗಾಳಿಯೇ. ಅದು ಒಳಗೆ ಕಾಯ್ದಾಗ ಅದರಲ್ಲಿರುವ ನೀರಾವಿ ಅಷ್ಟೇ ಇದ್ದರೂ ತೇವಾಂಶದ ಪ್ರಮಾಣ ಇಳಿಯುತ್ತದೆ. ಬಿಸಿಗಾಳಿಗೆ ಹೆಚ್ಚು ನೀರಾವಿಯನ್ನು ಹಿಡಿದಿಡುವ ಶಕ್ತಿ ಇರುವುದೇ ಇದಕ್ಕೆ ಕಾರಣ. ಮೂರು ಉದಾಹರಣೆಗಳನ್ನು ನೋಡೋಣ.

ಹೊನ್ನಾವರದ ಆಷಾಢದ ಮಳೆಯಲ್ಲಿ ಹೊರಗೆ 27 ಡಿಗ್ರಿ ಉಷ್ಣತೆ, ಶೇ. 90 ತೇವಾಂಶವಿದ್ದರೆ, ಆ ಗಾಳಿಯು ಯಂತ್ರದೊಳಗೆ ಕಾಯ್ದಾಗ ಒಂದು ಹನಿ ನೀರು ಹಾಕದಿದ್ದರೂ ಸುಮಾರು ಶೇ. 50 ತೇವಾಂಶವಿರುತ್ತದೆ. ಮೊಟ್ಟೆಗಳೂ ಆವಿಯನ್ನು ಬಿಡುತ್ತವೆ. ಅಲ್ಲಿ ತೊಟ್ಟಿ ತುಂಬಿಸಿದರೆ ಮರಿಗಳನ್ನು ಮುಳುಗಿಸಿದಂತೆಯೇ.

ಹಳಿಯಾಳ, ಮುಂಡಗೋಡದ ಬೇಸಿಗೆಯ ಮಧ್ಯಾಹ್ನ 36 ಡಿಗ್ರಿ ಉಷ್ಣತೆ, ಶೇ. 25 ತೇವಾಂಶವಿದ್ದರೆ, ನೀರಿಲ್ಲದ ಯಂತ್ರದೊಳಗೆ ಉಳಿಯುವುದು ಸುಮಾರು ಶೇ. 23. ಅಲ್ಲಿ ಒಂದು ತೊಟ್ಟಿ ಸಾಲದಿರಬಹುದು.

ಮೂರನೆಯದು ಅನೇಕರನ್ನು ಮೋಸಗೊಳಿಸುವಂಥದ್ದು. ಶಿರಸಿ, ಸಿದ್ದಾಪುರದ ಚಳಿಗಾಲದ ಬೆಳಗು. ಹೊರಗೆ ಮಂಜು ಕವಿದಿದೆ, 16 ಡಿಗ್ರಿ ಚಳಿ, ತೇವಾಂಶ ಶೇ. 95. ಆದರೆ ಅದೇ ಗಾಳಿ 37.5 ಡಿಗ್ರಿಗೆ ಕಾಯ್ದಾಗ ಒಳಗಿನ ತೇವಾಂಶ ಶೇ. 27 ಮಾತ್ರ. ಅಂಗಳದ ಹುಲ್ಲು ತೊಯ್ದಿದ್ದರೂ ಯಂತ್ರದೊಳಗೆ ಮೊಟ್ಟೆ ಬೇಸಿಗೆಯಂತೆಯೇ ಒಣಗುತ್ತಿರುತ್ತದೆ.

ಹೀಗಾಗಿ ನೆರೆಯ ತಾಲ್ಲೂಕಿನಲ್ಲಿ ಯಶಸ್ವಿಯಾದ ಕ್ರಮವನ್ನು ಹಾಗೆಯೇ ಅನುಸರಿಸುವುದು ಸಲ್ಲದು. ತನ್ನ ಮನೆಯಲ್ಲೇ ಜೂನ್ ತಿಂಗಳ ಕ್ರಮವು ಜನವರಿಗೆ ಸಲ್ಲದು.

3. ತಕ್ಕಡಿಯೇ ಸಾಕ್ಷಿ

ಅಗ್ಗದ ತೇವಾಂಶಮಾಪಕಗಳು ಹಲವು ಬಾರಿ ತಪ್ಪು ತೋರಿಸುತ್ತವೆ. ಅವುಗಳನ್ನು ಪರೀಕ್ಷಿಸಲು ಮನೆಯ ಉಪ್ಪೇ ಸಾಕು. ಸಣ್ಣ ಬಟ್ಟಲಿನಲ್ಲಿ ಉಪ್ಪಿಗೆ ಕೆಲವು ಹನಿ ನೀರು ಬೆರೆಸಿ, ಉಪ್ಪು ಪೂರ್ತಿ ಕರಗದೆ ಕೆಸರಿನಂತಿರುವ ಹಾಗೆ ಮಾಡಬೇಕು. ಅದನ್ನು ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಟ್ಟರೆ, ಡಬ್ಬಿಯೊಳಗೆ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಅದು 7 ಅಂಶ ಕಡಿಮೆ ತೋರಿಸುತ್ತಿದೆ ಎಂದು ತಿಳಿದು, ಮುಂದೆ ಅಷ್ಟನ್ನು ಕೂಡಿಸಿಕೊಳ್ಳಬೇಕು.

ಇದಕ್ಕಿಂತಲೂ ನಂಬಿಕೆಗೆ ಅರ್ಹವಾದುದು ಒಂದು ಗ್ರಾಂ ವ್ಯತ್ಯಾಸವನ್ನು ತೋರಿಸುವ ತಕ್ಕಡಿ. ತಲಾ 50 ಗ್ರಾಂನ 20 ಮೊಟ್ಟೆಗಳನ್ನು ಇಟ್ಟರೆ ಆರಂಭದ ತೂಕ 1000 ಗ್ರಾಂ. ಶೇ. 12ರ ಲೆಕ್ಕದಂತೆ 7ನೇ ದಿನ ಅದು ಸುಮಾರು 953 ಗ್ರಾಂ, 14ನೇ ದಿನ 907 ಗ್ರಾಂ, 18ನೇ ದಿನ 880 ಗ್ರಾಂ ಇರಬೇಕು. 7ನೇ ದಿನ 970 ಗ್ರಾಂ ಇದ್ದರೆ ನೀರನ್ನು ಕಡಿಮೆ ಮಾಡಬೇಕು. 930 ಗ್ರಾಂ ಇದ್ದರೆ ಹೆಚ್ಚಿಸಬೇಕು. ಪ್ರತಿ ಮೊಟ್ಟೆಯ ಮೇಲೆ ಅದರ ಆರಂಭದ ತೂಕವನ್ನು ಪೆನ್ಸಿಲಿನಿಂದ ಬರೆದಿಟ್ಟರೆ, ಮರಿ ಕಟ್ಟದ ಮೊಟ್ಟೆಗಳನ್ನು ನಡುವೆ ತೆಗೆದಾಗಲೂ ಲೆಕ್ಕ ತಪ್ಪದು.

ತೇವಾಂಶವನ್ನು ನಿರ್ಧರಿಸುವುದು ನೀರಿನ ಆಳವಲ್ಲ, ಗಾಳಿಗೆ ತೆರೆದಿರುವ ನೀರಿನ ಅಗಲ. ಆದುದರಿಂದ ಹೆಚ್ಚಿಸಬೇಕಾದಾಗ ಅಗಲವಾದ ತಟ್ಟೆಯನ್ನೋ ಒದ್ದೆ ಸ್ಪಂಜನ್ನೋ ಇಡಬೇಕು. ತಗ್ಗಿಸಬೇಕಾದಾಗ ಚಿಕ್ಕ ಬಟ್ಟಲನ್ನು ಇಡಬೇಕು ಅಥವಾ ನೀರನ್ನೇ ತೆಗೆಯಬೇಕು. ಹಾಕುವ ನೀರು ಉಗುರು ಬೆಚ್ಚಗಿರಲಿ. ತೇವಾಂಶ ಹೆಚ್ಚಿಸಲೆಂದು ಗಾಳಿಯ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಬೆಳೆದ ಮರಿಗಳಿಗೆ ಪ್ರಾಣವಾಯು ಹೆಚ್ಚು ಬೇಕು. ಬಿಸಿಲು ಬೀಳುವ ಕಿಟಕಿಯ ಬಳಿ, ಒಲೆಯ ಹತ್ತಿರ ಯಂತ್ರವನ್ನು ಇಡದೆ ಒಳಕೋಣೆಯಲ್ಲಿ ಇಡುವುದು ಉತ್ತಮ.

4. ಕೊನೆಯ ಮೂರು ದಿನ

18ನೇ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 65ರಿಂದ 70ಕ್ಕೆ ಏರಿಸಬೇಕು. ಆ ವೇಳೆಗೆ ಗಾಳಿಕೋಶ ಹಿಗ್ಗಿರುತ್ತದೆ. ಈಗಿನ ಅಗತ್ಯ ಪೊರೆ ಒಣಗದಂತೆ ಕಾಯುವುದು. ಕರಾವಳಿಯ ಮಳೆಗಾಲದಲ್ಲಿಯೂ ಈ ಮೂರು ದಿನ ನೀರು ಬೇಕಾಗುತ್ತದೆ.

ಈ ಅವಧಿಯಲ್ಲಿ ಮುಚ್ಚಳವನ್ನು ತೆರೆಯಬಾರದು. ಒಂದು ಮರಿ ಚಿಪ್ಪು ಬಿರಿದಾಗ ಕುತೂಹಲದಿಂದ ಮುಚ್ಚಳ ತೆರೆದರೆ ಒಳಗಿನ ತೇವಾಂಶ ಕ್ಷಣಮಾತ್ರದಲ್ಲಿ ಹೊರಹೋಗಿ, ಬಿರಿಯುತ್ತಿರುವ ಇತರ ಮೊಟ್ಟೆಗಳ ಪೊರೆ ಒಣಗುತ್ತದೆ. ಹೊರಬಂದ ಮರಿಗಳು ಉಳಿದ ಹಳದಿಯ ಬಲದಿಂದ ಒಂದು ದಿನ ಆಹಾರವಿಲ್ಲದೆ ಇರಬಲ್ಲವು. ಮೈ ಒಣಗುವವರೆಗೆ ಅವು ಒಳಗೇ ಇರಲಿ. ವಿದ್ಯುತ್ ಹೋದರೆ ಮುಚ್ಚಳ ತೆರೆಯದೆ, ಗಾಳಿಯ ರಂಧ್ರಗಳನ್ನು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಬೇಕು.

5. ಒಡೆಯದ ಮೊಟ್ಟೆ ಹೇಳುವ ಕಾರಣ

7ನೇ ದಿನ ಕತ್ತಲಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದಾಗ ಮೊಟ್ಟೆ ಪೂರ್ತಿ ತಿಳಿಯಾಗಿ ಕಂಡರೆ ಅದು ತೇವಾಂಶದ ದೋಷವಲ್ಲ. ಹುಂಜ ಸಾಲದೆ ಇರಬಹುದು, ಮೊಟ್ಟೆ ಹಳೆಯದಾಗಿರಬಹುದು. ಏಳು ದಿನಕ್ಕಿಂತ ಹೆಚ್ಚು ಕಾಲ ಇಟ್ಟ ಮೊಟ್ಟೆಗಳನ್ನು ಬಳಸದಿರುವುದು ಲೇಸು.

21 ದಿನ ಮುಗಿದು, ಇನ್ನೂ ಒಂದು ದಿನ ಕಾದ ಬಳಿಕ ಒಡೆಯದ ಮೊಟ್ಟೆಗಳನ್ನು ತೆರೆದು ನೋಡಬೇಕು. ಗಾಳಿಕೋಶ ಚಿಕ್ಕದಾಗಿದ್ದು, ಮರಿ ಊದಿಕೊಂಡು ನೀರು ತುಂಬಿದಂತಿದ್ದರೆ ತೇವಾಂಶ ಹೆಚ್ಚಾಗಿತ್ತು. ಗಾಳಿಕೋಶ ಬಹಳ ದೊಡ್ಡದಾಗಿದ್ದು, ಮರಿ ಸಣ್ಣದಾಗಿ ಪೊರೆಗೆ ಅಂಟಿಕೊಂಡಿದ್ದರೆ ಕಡಿಮೆಯಾಗಿತ್ತು. ನೋಡಿದ ನಂತರ ಅವನ್ನು ಸುಣ್ಣ ಹಾಕಿ ಹೂಳಬೇಕು. ನಾಯಿ ಎಳೆದೊಯ್ಯುವಂತೆ ಬಿಸಾಡಬಾರದು. ಯಂತ್ರವನ್ನು ತೊಳೆದು ಒಣಗಿಸಿದ ಮೇಲಷ್ಟೇ ಮುಂದಿನ ಮೊಟ್ಟೆಗಳನ್ನು ಇಡಬೇಕು.

6. ಪಂಚಾಯಿತಿಯ ಪಾಲು

ಮಾನ್ಯ ಸದಸ್ಯರೇ, ತಾವು ಮೊಟ್ಟೆ ತೂಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮ ಕೈಯಲ್ಲಿ ಮೂರು ಕೆಲಸಗಳಿವೆ.

ಒಂದು, ಒಕ್ಕೂಟದ ಸಭೆಯಲ್ಲಿ ಯಂತ್ರ ಖರೀದಿಯ ಮಾತು ಬಂದಾಗ, ತಕ್ಕಡಿ, ತೇವಾಂಶಮಾಪಕ ಮತ್ತು ಟಾರ್ಚು ಅದೇ ಅಂದಾಜಿನಲ್ಲಿ ಸೇರಿರುವಂತೆ ಸೂಚಿಸುವುದು. ಯಂತ್ರದ ಬೆಲೆಯ ಮುಂದೆ ಇವುಗಳ ಬೆಲೆ ಅಲ್ಪ.

ಎರಡು, ಪ್ರತಿ ಬಾರಿಯ ಲೆಕ್ಕವನ್ನು ಪುಸ್ತಕದಲ್ಲಿ ಬರೆಯಿಸುವುದು: ತಿಂಗಳು, ಇಟ್ಟ ಮೊಟ್ಟೆ, 7, 14 ಮತ್ತು 18ನೇ ದಿನದ ತೂಕ, ನೀರಿನ ತಟ್ಟೆಯ ಅಳತೆ, ಹೊರಬಂದ ಮರಿ. ಒಂದು ವರ್ಷ ಬರೆದರೆ ಆ ಊರಿನ ಹವೆಗೆ ಸಲ್ಲುವ ಕೈಪಿಡಿ ಆ ಊರಲ್ಲೇ ಸಿದ್ಧವಾಗುತ್ತದೆ. ಪಶು ಸಖಿಯರು ಇದನ್ನು ಮನೆಯಿಂದ ಮನೆಗೆ ತಲುಪಿಸಬಲ್ಲರು.

ಮೂರು, ಮೊದಲ ಬಾರಿ ಯಂತ್ರವನ್ನು ತುಂಬಿಸದಂತೆ ಹೇಳುವುದು. ಇಪ್ಪತ್ತು ಮೊಟ್ಟೆಗಳಿಂದ ಕಲಿತು, ಲೆಕ್ಕ ಕೂಡಿಬಂದ ಮೇಲೆ ನೂರಕ್ಕೆ ಹೋದರೆ ನಷ್ಟ ಸಣ್ಣದು.

ಸಾಲ ಮಾಡಿ ಯಂತ್ರ ತಂದ ಮಹಿಳೆಯು ಇಪ್ಪತ್ತೊಂದು ದಿನ ಹಗಲಿರುಳು ಅದನ್ನು ಕಾಯುತ್ತಾಳೆ. ಆ ಶ್ರಮ ವಿಫಲವಾದಾಗ ಅವಳ ಕೈಗುಣದ ಮಾತಾಡುವ ಬದಲು, ತೂಕದ ಪುಸ್ತಕ ಎಲ್ಲಿದೆ ಎಂದು ಕೇಳುವ ಸದಸ್ಯರು ಪ್ರತಿ ಪಂಚಾಯಿತಿಯಲ್ಲೂ ಇರಲಿ ಎಂದು ಆಶಿಸುತ್ತೇನೆ. ಸಂದೇಹಗಳಿದ್ದಲ್ಲಿ ಒಡೆಯದ ಮೊಟ್ಟೆಗಳ ಸಮೇತ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಲು ಅವರಿಗೆ ತಿಳಿಸಬೇಕಾಗಿ ಕೋರುತ್ತೇನೆ.