ಮಳೆನಾಡಿನ ಅಡುಗೆಮನೆಗೆ ಯಾವ ಕಪಾಟು?



ಹಿಂದಿನ ಮಲೆನಾಡಿನ ಅಡುಗೆಮನೆಯಲ್ಲಿ ಇಂದಿನಂತಹ ಕಪಾಟುಗಳ ಸಾಲು ಇರಲಿಲ್ಲ. ಗೋಡೆಯಲ್ಲಿ ಗೂಡು, ತಲೆಯ ಮೇಲೆ ನಾಗಂದಿಗೆ, ತೊಲೆಯಿಂದ ಇಳಿಬಿಟ್ಟ ನೆಲುವು, ಮೇಲೆ ಅಟ್ಟ. ಸಂಸಾರದ ಸರಕೆಲ್ಲ ಇಷ್ಟರಲ್ಲಿಯೇ ಅಡಕವಾಗುತ್ತಿತ್ತು. ಸೌದೆ ಒಲೆಯ ಹೊಗೆಯು ಅಡುಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿ ಮಾಡಿತೆಂಬುದು ನಿಜ. ಆದರೆ ಅದೇ ಹೊಗೆ ಮತ್ತು ಕಾವು ಮರವನ್ನು ಒಣಗಿಸಿ, ಬೂಷ್ಟು ಮತ್ತು ಕುಟ್ಟೆಹುಳುಗಳಿಂದ ಕಾಪಾಡುತ್ತಿದ್ದವು. ಈಗ ಗ್ಯಾಸ್ ಒಲೆ ಬಂದಿದೆ. ನಲ್ಲಿಯೂ ಪಾತ್ರೆ ತೊಳೆಯುವ ತೊಟ್ಟಿಯೂ ಒಳಗೇ ಬಂದಿವೆ. ಹೊಗೆ ಹೋಯಿತು, ತೇವ ಉಳಿಯಿತು. ಪೇಟೆಯ ಅಂಗಡಿಯ ಚಿತ್ರಪುಸ್ತಕವನ್ನು ನೋಡಿ ಕಪಾಟು ಮಾಡಿಸುವ ಮುನ್ನ ಈ ಬದಲಾವಣೆಯನ್ನು ಗಮನಿಸಬೇಕು.

ಕಡಿದು ಹಲಗೆಯಾದ ಮೇಲೂ ಮರವು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆಯು ಶೇಕಡಾ 90ರ ಸಮೀಪ ನಿಲ್ಲುವ ಮಳೆಗಾಲದಲ್ಲಿ ಮರದ ತೇವಾಂಶವು ಅದರ ಒಣತೂಕದ ಸುಮಾರು ಶೇಕಡಾ 20ನ್ನು ಮುಟ್ಟುತ್ತದೆ; ಬೇಸಿಗೆಯಲ್ಲಿ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ವರ್ಷವರ್ಷವೂ ನಡೆಯುವ ಈ ಉಬ್ಬುವಿಕೆ, ಕುಗ್ಗುವಿಕೆಗಳನ್ನು ತಾಳಬಲ್ಲ ವಸ್ತುವೇ ಇಲ್ಲಿಗೆ ಯೋಗ್ಯವಾದುದು.

ಅಗ್ಗವೆಂದು ಮೊದಲು ಕಣ್ಣಿಗೆ ಬೀಳುವುವು ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಮರದ ಚೂರನ್ನೋ ನಾರನ್ನೋ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಒತ್ತಿ ಇವನ್ನು ತಯಾರಿಸುತ್ತಾರೆ. ತೇವ ಮತ್ತು ಶಾಖ ಸೇರಿದೆಡೆ ಈ ಅಂಟು ಸಡಿಲಗೊಳ್ಳುತ್ತದೆ. ಅಂಚಿನಲ್ಲಿ ನೀರು ಹೊಕ್ಕರೆ ಹಲಗೆ ಉಬ್ಬಿ, ತಿರುಪುಮೊಳೆ ಕಿತ್ತುಬರುತ್ತದೆ. ಜೊತೆಗೆ ಫಾರ್ಮಾಲ್ಡಿಹೈಡ್ ಅನಿಲವೂ ಹೊರಸೂಸುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ವರ್ಗೀಕರಿಸಿತು. ಹೊಗೆಯಿಂದ ಪಾರಾದ ಗೃಹಿಣಿಗೆ ಇನ್ನೊಂದು ವಿಷಗಾಳಿಯನ್ನು ಕೊಡುವುದು ನ್ಯಾಯವಲ್ಲ.

ಪ್ಲೈವುಡ್‌ನ ಮಾತು ಬಂದಾಗ ಈ ನೆಲ ಒಂದು ಇತಿಹಾಸವನ್ನು ನೆನೆಯಬೇಕು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡರು. ಆ ದಿನಗಳಲ್ಲಿ ಘಟ್ಟದ ಕಾಡು ಕರಗುತ್ತಿದ್ದ ದಾರಿಗಳಲ್ಲಿ ಪ್ಲೈವುಡ್ ಉದ್ಯಮವೂ ಒಂದಾಗಿತ್ತು. 1996ರ ಡಿಸೆಂಬರ್ 12ರ ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರ ಈ ಉದ್ಯಮವು ಬಹುಮಟ್ಟಿಗೆ ರೈತರು ಬೆಳೆದ ನೀಲಗಿರಿ, ಪಾಪ್ಲರ್, ಸಿಲ್ವರ್ ಓಕ್, ರಬ್ಬರ್ ಮರಗಳತ್ತ ತಿರುಗಿತು. ಆದುದರಿಂದ ಪ್ಲೈವುಡ್ ಸರ್ವಥಾ ವರ್ಜ್ಯವೆನ್ನಬೇಕಿಲ್ಲ. ಆದರೆ ಐ.ಎಸ್. 303 ಗುರುತಿನ ಸಾಧಾರಣ ತೇವನಿರೋಧಕ ದರ್ಜೆಯನ್ನು ತೊಟ್ಟಿಯ ಬಳಿ ಬಳಸಬಾರದು. ಅಲ್ಲಿಗೆ ಬೇಕಾದುದು ಫೀನಾಲ್ ಅಂಟಿನ, ಐ.ಎಸ್. 710 ಗುರುತಿನ ಹಲಗೆ. ಕೊಯ್ದ ಅಂಚುಗಳನ್ನು ಬಣ್ಣದಿಂದಲೋ ಪಟ್ಟಿಯಿಂದಲೋ ತಪ್ಪದೆ ಮುಚ್ಚಬೇಕು.

ಇದಕ್ಕಿಂತಲೂ ಮೇಲಾದ ದಾರಿಯೊಂದಿದೆ: ಒಡಲು ಕಲ್ಲಿನದು, ಬಾಗಿಲು ಮರದ್ದು. ಇಟ್ಟಿಗೆಯ ಅಡ್ಡಗೋಡೆಗಳ ಮೇಲೆ ಕಡಪ ಕಲ್ಲಿನ ಅಥವಾ ತೆಳು ಕಾಂಕ್ರೀಟಿನ ಹಲಗೆಗಳನ್ನು ಕೂರಿಸಿದರೆ ಅವು ಉಬ್ಬಲಾರವು, ಗೆದ್ದಲಿಗೂ ಆಹಾರವಾಗಲಾರವು. ಕಡಪ ಕಲ್ಲು ಸುಣ್ಣದ ಜಾತಿಯದಾದ್ದರಿಂದ ನಿಂಬೆ, ಹುಣಸೆ, ಮುರುಗಲಿನ ಹುಳಿ ಬಿದ್ದರೆ ಕಲೆಯಾಗುತ್ತದೆ. ಉಪ್ಪಿನಕಾಯಿ ಭರಣಿಯ ಅಡಿಗೆ ತಟ್ಟೆಯೊಂದಿದ್ದರೆ ಸಾಕು. ಕೀಲುಗಳು ಹಿತ್ತಾಳೆಯವೋ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನವೋ ಆಗಿರಲಿ. ಕಬ್ಬಿಣವನ್ನು ಉಪ್ಪು ಮತ್ತು ತೇವ ತಿಂದುಹಾಕುತ್ತವೆ.

ಬಾಗಿಲಿಗೆ ಹಿತ್ತಲ ಹಲಸಿಗಿಂತ ಹತ್ತಿರದ ಮರವಿಲ್ಲ. ಅದರ ಹಳದಿ ಕೆಚ್ಚನ್ನು ಗೆದ್ದಲು ಸುಲಭವಾಗಿ ಮುಟ್ಟದು. ಹೊರಗಿನ ಬಿಳಿ ಭಾಗವನ್ನು ಮಾತ್ರ ಬಿಡಬೇಕು. ಫಲ ಕೊಡುತ್ತಿರುವ ಮರವನ್ನು ಇದಕ್ಕಾಗಿ ಉರುಳಿಸಬಾರದು. ಗಾಳಿಗೆ ಬಿದ್ದ ಮರ, ಹಳೆಯ ಮನೆ ಕಳಚಿದಾಗ ಸಿಕ್ಕ ತೊಲೆ, ಬಾಗಿಲುಗಳು ಮೊದಲ ಆಯ್ಕೆಯಾಗಲಿ. ಏಕಜಾತಿಯ ಅಕೇಶಿಯಾ ನೆಡುತೋಪನ್ನು ವಿರೋಧಿಸುವುದು ಸರಿ. ಆದರೆ ಈಗಾಗಲೇ ಬಲಿತಿರುವ ಅಕೇಶಿಯಾ ಒಲೆಗೆ ಹೋಗುವುದಕ್ಕಿಂತ ಕಪಾಟಾಗಿ ದಶಕಗಳ ಕಾಲ ಉಳಿಯುವುದು ಲೇಸು. ಸಿಲ್ವರ್ ಓಕನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಉಪಚರಿಸಿ, ನೀರು ತಾಗದೆಡೆ ಬಳಸಬಹುದು. ಯಾವ ಹಲಗೆಯೇ ಆಗಲಿ, ನಡುವೆ ಪಟ್ಟಿಗಳನ್ನಿಟ್ಟು ಪೇರಿಸಿ, ಒಂದು ಬೇಸಿಗೆಯಾದರೂ ನೆರಳಿನಲ್ಲಿ ಒಣಗಿಸದೆ ಬಡಗಿಯ ಕೈಗೆ ಕೊಡಬಾರದು. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ಅನುಮತಿ ಬೇಕೇ ಎಂಬುದನ್ನು ಕಡಿಯುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು.

ಕೊನೆಯದಾಗಿ, ಕಪಾಟಿಗೆ ಉಸಿರಾಡಲು ದಾರಿ ಬೇಕು. ಬಾಗಿಲಲ್ಲಿ ಜಾಲರಿ, ಹಿಂಬದಿಯಲ್ಲಿ ಎರಡು ಬೆರಳಿನ ತೆರಪು, ನೆಲದಿಂದ ಗೇಣುದ್ದ ಎತ್ತರವಿದ್ದರೆ ಬೂಷ್ಟು ಕಡಿಮೆ. ದಿನವೂ ಕೈಗೆ ಬೇಕಾದ ಪಾತ್ರೆಗಳಿಗೆ ಬಾಗಿಲೇ ಬೇಡ. ಅಜ್ಜಿಯ ಕಾಲದ ನಾಗಂದಿಗೆಯೇ ಸಾಕು.

ಹೊಸ ಮನೆ ಕಟ್ಟುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ವಸ್ತು ಎಲ್ಲಿಂದ ಬಂತು? ಎಷ್ಟು ಮಳೆಗಾಲ ತಾಳೀತು? ಕೆಟ್ಟ ಮೇಲೆ ಎಲ್ಲಿಗೆ ಹೋದೀತು? ಹಲಸಿನ ಬಾಗಿಲು ಹಳತಾದರೆ ಮಣೆಯಾದೀತು, ಕಡೆಗೆ ಮಣ್ಣಾದೀತು. ಉಬ್ಬಿದ ಪಾರ್ಟಿಕಲ್ ಬೋರ್ಡು ಹಿತ್ತಲಿನ ಕಸವಾದೀತು. ಅದನ್ನು ಬಚ್ಚಲ ಒಲೆಗೆ ಹಾಕುವುದೂ ಕ್ಷೇಮವಲ್ಲ. ಕಾಡನ್ನು ಉಳಿಸುವ ಕೆಲಸ ಕಾಡಿನಲ್ಲಿ ಮಾತ್ರ ನಡೆಯುವಂಥದಲ್ಲ. ಅಡುಗೆಮನೆಯ ಗೋಡೆಯ ಬಳಿಯೂ ನಡೆಯಬೇಕಾದುದು.