ಸಹಾಯಕಿಯ ಮುಂದಿನ ಮೆಟ್ಟಿಲು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಂಗನವಾಡಿ ಸಹಾಯಕಿಯರ ಓದು ಮತ್ತು ಬಡ್ತಿಯನ್ನು ಕುರಿತು
(ದತ್ತಿ ಉಪನ್ಯಾಸ)



ಶಿಕ್ಷಣದ ಹೆಸರಿನ ದತ್ತಿ ಉಪನ್ಯಾಸಗಳಲ್ಲಿ ಪ್ರೌಢಶಾಲೆಯ ಮಾತು ಬರುತ್ತದೆ, ಕಾಲೇಜಿನ ಮಾತು ಬರುತ್ತದೆ. ಮೂರು ವರ್ಷದ ಮಗುವಿನ ಕೈಹಿಡಿದು ಮೊದಲ ಸಲ ಒಂದು ಕೋಣೆಯೊಳಗೆ ಕರೆತರುವವರ ಮಾತು ಬರುವುದು ಅಪರೂಪ. ಆದ್ದರಿಂದ ಇಂದಿನ ಉಪನ್ಯಾಸವನ್ನು ಅಂಗನವಾಡಿ ಸಹಾಯಕಿಯರಿಗೆ ಮೀಸಲಿಡುತ್ತೇನೆ. ಅವರ ಕೆಲಸ ಎಂಥದು, ಮೇಲಿನ ಹುದ್ದೆಗೆ ಏರಲು ಅವರಿಗೆ ಇರುವ ದಾರಿ ಯಾವುದು, ಆ ದಾರಿ ನಮ್ಮ ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಎಲ್ಲೆಲ್ಲಿ ಕಡಿದುಹೋಗಿದೆ, ಅದನ್ನು ಸರಿಪಡಿಸಲು ನಾವು ಏನು ಮಾಡಬಹುದು ಎಂಬಿಷ್ಟನ್ನು ಹೇಳುವುದು ನನ್ನ ಉದ್ದೇಶ.

1. ಕೆಲಸದ ನಿಜರೂಪ

ನಮ್ಮಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳಲ್ಲ. ತೋಟಕ್ಕೊಂದು ಮನೆ, ಗುಡ್ಡದ ಆಚೆ ಒಂದು ಕೇರಿ, ಹಳ್ಳ ದಾಟಿದರೆ ಇನ್ನೊಂದು ಮಜರೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಮಕ್ಕಳನ್ನು ಅಂಗನವಾಡಿಗೆ ತರುವವರು ಹೆಚ್ಚಾಗಿ ಸಹಾಯಕಿಯರೇ. ಕೋಣೆ ಗುಡಿಸುವುದು, ಅಡುಗೆ, ಬಡಿಸುವುದು, ಕೈಬಾಯಿ ತೊಳೆಸುವುದು, ಚಡ್ಡಿ ಬದಲಿಸುವುದು, ಅಳುವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುವುದು ಎಲ್ಲವೂ ಅವರ ಪಾಲಿನದು. ಕಾಗದದ ಮೇಲೆ ಅವರ ಕೆಲಸ ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ.

ಕೋಣೆಯೊಳಗೆ ಮಾತ್ರ ಅದು ಅಲ್ಲಿಗೆ ಮುಗಿಯುವುದಿಲ್ಲ. ಅಂಗನವಾಡಿಯ ಮುಖ್ಯ ಹೊಣೆ ಹೊತ್ತ ಕಾರ್ಯಕರ್ತೆಯರಿಗೆ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬುವ ಕೆಲಸವಿದೆ, ಗರ್ಭಿಣಿ ಬಾಣಂತಿಯರ ಮನೆಭೇಟಿ ಇದೆ, ಲಸಿಕೆ ದಿನವಿದೆ, ತಾಲೂಕು ಕೇಂದ್ರದ ಸಭೆ ಇದೆ, ಅನೇಕರಿಗೆ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸವೂ ಇದೆ. ಕಾರ್ಯಕರ್ತೆ ಹೀಗೆ ಹೊರಗೆ ಹೋದ ದಿನ ಹಾಡು ಹೇಳಿಸುವವರು, ಕತೆ ಹೇಳುವವರು, ಬಣ್ಣ ಗುರುತಿಸಲು ಕಲಿಸುವವರು, ಅಡಿಕೆ ಹೋಳನ್ನೋ ಹುಣಸೆ ಬೀಜವನ್ನೋ ಮುಂದಿಟ್ಟು ಎಣಿಸಲು ಕಲಿಸುವವರು ಸಹಾಯಕಿ.

ಇನ್ನೊಂದು ಕೆಲಸ ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಯಲ್ಲಾಪುರ ಭಾಗದ ಸಿದ್ದಿ ಸಮುದಾಯದ ಅನೇಕ ಮನೆಗಳಲ್ಲಿ ಮಕ್ಕಳು ಆಡುವುದು ಅವರದೇ ಬಗೆಯ ಕೊಂಕಣಿ. ಗೌಳಿ ಸಮುದಾಯದ ಕೇರಿಗಳಾದ ದಡ್ಡಿಗಳಲ್ಲಿ ಮನೆಮಾತು ಮರಾಠಿ. ಅಲ್ಲಿಂದ ಬಂದ ಮೂರು ವರ್ಷದ ಮಗುವಿಗೆ ಕನ್ನಡದ ಪಾಠ ಮೊದಲ ದಿನ ಬರಿಯ ಸದ್ದು. ಅದೇ ಕೇರಿಯ ಸಹಾಯಕಿ ಮಗುವಿನ ಮಾತಿನಲ್ಲಿ ಒಂದು ಸಲ ಹೇಳಿ, ಮತ್ತೆ ಕನ್ನಡದಲ್ಲಿ ಹೇಳಿದಾಗ ಅದು ಮಗುವಿಗೆ ಪಾಠವಾಗುತ್ತದೆ. ಶಿಕ್ಷಣಶಾಸ್ತ್ರದ ಪುಸ್ತಕಗಳು ಮನೆಮಾತಿನಿಂದ ಶಾಲೆಯ ಮಾತಿಗೆ ಮಗುವನ್ನು ಕರೆದೊಯ್ಯುವ ಕ್ರಮವನ್ನು ಅಧ್ಯಾಯಗಟ್ಟಲೆ ವಿವರಿಸುತ್ತವೆ. ಆ ಕೆಲಸವನ್ನು ಇಲ್ಲಿ ದಿನವೂ ಮಾಡುತ್ತಿರುವವರ ಕೈಯಲ್ಲಿ ಒಂದು ಪ್ರಮಾಣಪತ್ರವೂ ಇಲ್ಲ.

2. ಬಂದ ದಾರಿ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಯೋಜನಾ ಘಟಕಗಳಲ್ಲಿ. ಕರ್ನಾಟಕದಲ್ಲಿ ಮೊದಲು ಅದನ್ನು ಕಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಯೋಜನೆಗೆ 50 ವರ್ಷ ತುಂಬಿದೆ. ಒಬ್ಬ ಸಹಾಯಕಿ ಎತ್ತಿ ಆಡಿಸಿದ ಮಗು ಬೆಳೆದು, ತನ್ನ ಮಗುವನ್ನು ಅದೇ ಸಹಾಯಕಿಯ ಕೈಗೆ ಒಪ್ಪಿಸಿದ ಊರುಗಳು ಬೇಕಾದಷ್ಟಿವೆ.

ಯೋಜನೆಗಿಂತ ಹಿಂದೆಯೇ ಅಂಗನವಾಡಿಯ ವಿಚಾರ ಬೇರು ಬಿಟ್ಟದ್ದು ಮಹಾರಾಷ್ಟ್ರದ ಕಡಲತೀರದಲ್ಲಿ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ, ವಾರ್ಲಿ ಆದಿವಾಸಿಗಳ ಅಂಗಳಕ್ಕೇ ಶಿಶುಶಾಲೆಯನ್ನು ಒಯ್ದರು. ದುಬಾರಿ ಆಟಿಕೆಗಳ ಬದಲು ಬೀಜ, ಚಿಪ್ಪು, ಎಲೆ, ಕಲ್ಲುಗಳಿಂದ ಕಲಿಸಿದರು. ಅವರ ಜೊತೆಗೆ ಸಹಾಯಕ್ಕೆಂದು ಬಂದವರು ಅನುತಾಯಿ ವಾಘ್. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಕೆಲಸ ಮಾಡುತ್ತಲೇ ಒಂದೊಂದು ಪರೀಕ್ಷೆಯನ್ನೂ ಪಾಸು ಮಾಡುತ್ತ ಬಂದ ಹೆಣ್ಣುಮಗಳು. 1973ರಲ್ಲಿ ತಾರಾಬಾಯಿ ತೀರಿಕೊಂಡ ಮೇಲೆ ಕೋಸಬಾಡದ ಕೆಲಸವನ್ನೆಲ್ಲ ಹೊತ್ತವರು ಅವರೇ. 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ದೇಶದ ಶಿಶುಶಿಕ್ಷಣದ ದೊಡ್ಡ ಹೆಸರುಗಳಲ್ಲೊಂದು ಸಹಾಯಕಿಯಾಗಿ ಬಂದವರದು ಎಂಬುದನ್ನು ಇಲ್ಲಿ ಕುಳಿತಿರುವ ಸಹಾಯಕಿಯರು ನೆನಪಿಟ್ಟುಕೊಳ್ಳಬೇಕು.

3. ನ್ಯಾಯಾಲಯ ಕಂಡದ್ದು

ಕಾನೂನಿನ ಕಣ್ಣಿನಲ್ಲಿ ಈ ಮಹಿಳೆಯರು ಯಾರು ಎಂಬ ಪ್ರಶ್ನೆ ಎರಡು ಸಲ ಸುಪ್ರೀಂ ಕೋರ್ಟಿನ ಮುಂದೆ ದೊಡ್ಡದಾಗಿ ಬಂದಿತು. ಮೊದಲನೆಯದು ನಮ್ಮ ರಾಜ್ಯದಿಂದಲೇ ಹೋದದ್ದು. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ತೀರ್ಪು ಬಂದು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಾಯಿತು. ಗೌರವಧನದ ವ್ಯವಸ್ಥೆ ಹಾಗೆಯೇ ಮುಂದುವರಿಯಿತು. 2018ರ ಅಕ್ಟೋಬರ್‌ನಿಂದ ಕೇಂದ್ರ ನಿಗದಿ ಮಾಡಿದ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ ಅದರ ಅರ್ಧ, 2,250 ರೂಪಾಯಿ. ರಾಜ್ಯ ಸರ್ಕಾರಗಳು ಅದರ ಮೇಲೆ ತಮ್ಮ ಪಾಲನ್ನು ಸೇರಿಸುತ್ತವೆ.

ಎರಡನೆಯದು ಗುಜರಾತಿನ ಮಣಿಬೆನ್ ಮಗನಭಾಯಿ ಭಾರಿಯಾ ಪ್ರಕರಣ. 2022ರ ಏಪ್ರಿಲ್ 25ರಂದು ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಹಣಕ್ಕಿಂತ ಮುಖ್ಯವಾದದ್ದು ಅದಕ್ಕೆ ಕೊಟ್ಟ ಕಾರಣ. ಅಂಗನವಾಡಿಯಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ನಡೆಯುವುದು ಶಾಲಾಪೂರ್ವ ಶಿಕ್ಷಣ, ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಮು ಹೇಳುವುದು ಅದನ್ನೇ, ಅಲ್ಲಿ ಕಲಿಸುವ ಕೆಲಸವನ್ನು ಮಾಡುತ್ತಿರುವವರು ಕಾರ್ಯಕರ್ತೆ ಮತ್ತು ಸಹಾಯಕಿ ಇಬ್ಬರೂ ಎಂದು ನ್ಯಾಯಾಲಯ ಕಂಡುಕೊಂಡಿತು. ಸಹಾಯಕಿ ಕಲಿಸುತ್ತಾರೆ ಎಂಬುದು ಈಗ ನನ್ನ ಅಭಿಪ್ರಾಯವಷ್ಟೇ ಅಲ್ಲ, ದೇಶದ ಅತ್ಯುನ್ನತ ನ್ಯಾಯಾಲಯ ದಾಖಲಿಸಿದ ಸಂಗತಿ. ಅವರ ಓದು, ತರಬೇತಿ, ಬಡ್ತಿಗಳ ಚರ್ಚೆ ಇಲ್ಲಿಂದ ಶುರುವಾಗಬೇಕು.

4. ಮೆಟ್ಟಿಲುಗಳು

ಈಗಿರುವ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ. ಕರ್ನಾಟಕದ ಈಚಿನ ನೇಮಕಾತಿಗಳಲ್ಲಿ ಸಹಾಯಕಿ ಹುದ್ದೆಗೆ ಎಸ್ಸೆಸ್ಸೆಲ್ಸಿ, ಕಾರ್ಯಕರ್ತೆ ಹುದ್ದೆಗೆ ಪಿಯುಸಿ ಪಾಸಾಗಿರಬೇಕು. ಅಭ್ಯರ್ಥಿ ಸ್ಥಳೀಯರೇ ಆಗಿರಬೇಕು. ಕೇಂದ್ರದ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಯೋಜನೆಗೆ 2022ರಲ್ಲಿ ಹೊರಟ ಮಾರ್ಗಸೂಚಿಯ ಪ್ರಕಾರ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಶೇ. 50ರಷ್ಟನ್ನು 5 ವರ್ಷ ಸೇವೆ ಮಾಡಿದ ಸಹಾಯಕಿಯರ ಬಡ್ತಿಯಿಂದ ತುಂಬಬೇಕು. ಮೇಲ್ವಿಚಾರಕಿಯರ ಹುದ್ದೆಗಳಲ್ಲೂ ಶೇ. 50ರಷ್ಟನ್ನು 5 ವರ್ಷ ಸೇವೆಯಾದ ಕಾರ್ಯಕರ್ತೆಯರಿಗೆ ಕೊಡಬೇಕು. ಎರಡಕ್ಕೂ ಉಳಿದ ಅರ್ಹತೆಗಳನ್ನು ಪೂರೈಸಿರಬೇಕು ಎಂಬ ಷರತ್ತಿದೆ. ಎಂದರೆ ಒಬ್ಬ ಸಹಾಯಕಿ ಕಾರ್ಯಕರ್ತೆಯಾಗಿ, ಮುಂದೆ ಮೇಲ್ವಿಚಾರಕಿಯಾಗಿ ಏರುವ ದಾರಿಯನ್ನು ನೀತಿ ಒಪ್ಪಿಕೊಂಡಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೆ ಓದಿನ ಮೆಟ್ಟಿಲನ್ನೂ ಸೇರಿಸಿತು. ಪಿಯುಸಿ ಅಥವಾ ಹೆಚ್ಚು ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಶಿಶು ಆರೈಕೆ ಮತ್ತು ಶಿಕ್ಷಣದಲ್ಲಿ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ. ಕೆಲಸ ಬಿಡದೆ ಮೊಬೈಲ್, ಟಿವಿ ಮೂಲಕ ಓದಬೇಕು, ತಿಂಗಳಿಗೊಮ್ಮೆಯಾದರೂ ಎದುರುಬದುರಾಗಿ ತರಗತಿ ನಡೆಯಬೇಕು ಎಂದು ನೀತಿ ಹೇಳುತ್ತದೆ. ಇಲ್ಲಿ ಹೆಸರಿಸಿರುವುದು ಕಾರ್ಯಕರ್ತೆಯರನ್ನು. ಕಲಿಸುವವರು ಇಬ್ಬರು ಎಂದು ಒಪ್ಪಿದ ಮೇಲೆ ಈ ಕೋರ್ಸಿನ ಬಾಗಿಲು ಸಹಾಯಕಿಯರಿಗೂ ತೆರೆಯಬೇಕು.

5. ಘಟ್ಟದ ಮೇಲಿನ ತೊಡಕುಗಳು

ದಾರಿ ಕಾಗದದ ಮೇಲಿದೆ. ನಡೆಯುವವರಿಗೆ ಅದು ನಾಲ್ಕು ಕಡೆ ತುಂಡಾಗಿದೆ.

ಮೊದಲನೆಯದು ಓದಿನ ತುಂಡು. ಹಿಂದೆ ಕಡಿಮೆ ಓದಿಗೇ ಸಹಾಯಕಿ ಕೆಲಸ ಸಿಗುತ್ತಿತ್ತು. ಹಾಗೆ ಸೇರಿ ದಶಕಗಟ್ಟಲೆ ದುಡಿದವರು ಇಂದು ಪಿಯುಸಿ ಇಲ್ಲದ್ದರಿಂದ ನಿಂತಲ್ಲೇ ನಿಂತಿದ್ದಾರೆ. ಹೊಸದಾಗಿ ಪಿಯುಸಿ ಮುಗಿಸಿದ ಹುಡುಗಿ ನೇರವಾಗಿ ಕಾರ್ಯಕರ್ತೆಯಾಗಿ ಬಂದು, ಮಕ್ಕಳನ್ನು ಸುಮ್ಮನಾಗಿಸುವುದನ್ನು ಅದೇ ಸಹಾಯಕಿಯಿಂದ ಕಲಿಯುತ್ತಾಳೆ. ಆ ಹುಡುಗಿಯದು ತಪ್ಪಲ್ಲ. ಅನುಭವಕ್ಕೆ ಬೆಲೆ ಕಟ್ಟುವ ಅಳತೆ ಇಲ್ಲದಿರುವುದು ತಪ್ಪು.

ಎರಡನೆಯದು ದೂರದ ತುಂಡು. ಎಸ್ಸೆಸ್ಸೆಲ್ಸಿ ಆದವರು ಖಾಸಗಿ ಅಭ್ಯರ್ಥಿಯಾಗಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯಬಹುದು. ಆದರೆ ಅರ್ಜಿ, ಶುಲ್ಕ, ಪುಸ್ತಕ, ಪರೀಕ್ಷೆ ಎಲ್ಲಕ್ಕೂ ತಾಲೂಕು ಕೇಂದ್ರಕ್ಕೆ ಬರಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸಿರುವ ಊರಿನಿಂದ ಶಿರಸಿಗೆ ಬಂದು ಹೋದರೆ ಒಂದು ದಿನದ ಕೆಲಸ ಹೋದಂತೆಯೇ. ಜಿಲ್ಲಾ ಮಟ್ಟದ ಕಚೇರಿಯ ಕೆಲಸ ಬಿದ್ದರೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕು.

ಮೂರನೆಯದು ಖಾಲಿ ಹುದ್ದೆಯ ತುಂಡು. ಸ್ಥಳೀಯರಿಗೇ ಕೆಲಸ ಎಂಬ ನಿಯಮ ಮಕ್ಕಳಿಗೆ ಒಳ್ಳೆಯದು. ಆದರೆ ತನ್ನ ಊರಿನ ಕಾರ್ಯಕರ್ತೆ ನಿವೃತ್ತರಾಗುವ ತನಕ ಅರ್ಹ ಸಹಾಯಕಿ ಕಾಯುತ್ತಲೇ ಇರಬೇಕಾಗುತ್ತದೆ.

ನಾಲ್ಕನೆಯದು ಮಿನಿ ಅಂಗನವಾಡಿಯದು. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 300ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, 150ರಿಂದ 300ಕ್ಕೆ ಒಂದು ಮಿನಿ ಕೇಂದ್ರ ಎಂಬುದು ಲೆಕ್ಕ. ಮಿನಿ ಕೇಂದ್ರಕ್ಕೆ ಸಹಾಯಕಿಯೇ ಇರಲಿಲ್ಲ, ಎಂದರೆ ಅಲ್ಲಿ ಮೊದಲ ಮೆಟ್ಟಿಲೇ ಇರಲಿಲ್ಲ. ಒಬ್ಬರೇ ಒಲೆಯನ್ನೂ ನೋಡಬೇಕಿತ್ತು, ಮಕ್ಕಳನ್ನೂ ನೋಡಬೇಕಿತ್ತು. ಈಚಿನ ವರ್ಷಗಳಲ್ಲಿ ಇವನ್ನು ಪೂರ್ಣ ಕೇಂದ್ರಗಳಾಗಿ ಮೇಲ್ದರ್ಜೆಗೆ ಏರಿಸಲು ಅವಕಾಶ ಸಿಕ್ಕಿದೆ. ಮನೆಗಳು ಚದುರಿರುವ ನಮ್ಮ ತಾಲೂಕುಗಳಿಗೆ ಇದರಿಂದ ಆಗುವ ಲಾಭ ದೊಡ್ಡದು.

6. ಹೊರಗಿನ ಒಂದು ಪಾಠ

ಇಂಗ್ಲೆಂಡಿನ ಶಾಲೆಗಳಲ್ಲಿ ಶಿಕ್ಷಕರ ಪಕ್ಕದಲ್ಲಿ ಬೋಧನಾ ಸಹಾಯಕರು ಇರುತ್ತಾರೆ. 2003ರ ಜನವರಿಯಲ್ಲಿ ಸರ್ಕಾರ, ಉದ್ಯೋಗದಾತರು ಮತ್ತು ಹೆಚ್ಚಿನ ಶಿಕ್ಷಕ ಸಂಘಗಳು ಮಾಡಿಕೊಂಡ ಒಪ್ಪಂದದ ಬೆನ್ನಿಗೆ ಅವರಿಗಾಗಿ ಉನ್ನತ ದರ್ಜೆಯ ಬೋಧನಾ ಸಹಾಯಕ ಎಂಬ ಮನ್ನಣೆ ಬಂತು. ಅದನ್ನು ಪಡೆಯಲು ಇಂಗ್ಲಿಷ್ ಮತ್ತು ಗಣಿತದಲ್ಲಿ ನಿಗದಿಯಾದ ಮಟ್ಟದ ಪಾಸು ಬೇಕು. ಆಮೇಲೆ ಅಭ್ಯರ್ಥಿ ತಾನು ತರಗತಿಯಲ್ಲಿ ಮಾಡಿದ ಕೆಲಸಕ್ಕೆ ದಾಖಲೆ ಒದಗಿಸುತ್ತಾರೆ, ಮೌಲ್ಯಮಾಪಕರು ಅದನ್ನು ಪರಿಶೀಲಿಸುತ್ತಾರೆ. ಗೊತ್ತಿರುವುದನ್ನೇ ಮತ್ತೆ ವರ್ಷಗಟ್ಟಲೆ ಕೂತು ಕಲಿಯಬೇಕಿಲ್ಲ. ನಾವು ತೆಗೆದುಕೊಳ್ಳಬೇಕಾದದ್ದು ಇದನ್ನು: ಮೂಲಭೂತ ಓದಿಗೆ ಪರೀಕ್ಷೆ ಇರಲಿ, ಅನುಭವಕ್ಕೆ ಮೌಲ್ಯಮಾಪನ ಇರಲಿ. ಅಲ್ಲಿನ ಕೊರತೆಯಿಂದಲೂ ಕಲಿಯುವುದಿದೆ. ಮನ್ನಣೆ ಸಿಕ್ಕವರಿಗೆಲ್ಲ ಅಲ್ಲಿ ಹುದ್ದೆ, ಸಂಬಳ ತಾನಾಗಿ ಸಿಗುವುದಿಲ್ಲ. ಶಾಲೆ ಆ ಹುದ್ದೆಯನ್ನು ಸೃಷ್ಟಿಸಿದರೆ ಮಾತ್ರ ಉಂಟು. ಗೌರವಧನ ಏರದ ಪ್ರಮಾಣಪತ್ರವನ್ನು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಟ್ಟು ನಾವು ಸುಮ್ಮನಾಗಬಾರದು.

7. ನಮ್ಮ ಕೈಯಲ್ಲಿರುವುದು

ಸರ್ಕಾರ ಮಾಡಬೇಕಾದದ್ದು ಮೂರು. ಅರ್ಹ ಸಹಾಯಕಿಯರ ಸೇವಾ ಜ್ಯೇಷ್ಠತೆಯ ಪಟ್ಟಿಯನ್ನು ಪ್ರತಿವರ್ಷ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಕಚೇರಿಯ ಫಲಕದಲ್ಲಿ ಹಾಕಬೇಕು. ಪರೀಕ್ಷೆಯ ದಿನಗಳಲ್ಲಿ ಗೌರವಧನ ಕಡಿಯದೆ ರಜೆ ಕೊಡಬೇಕು. ಶಿಶುಶಿಕ್ಷಣದ ಡಿಪ್ಲೊಮಾವನ್ನು ಕನ್ನಡದಲ್ಲಿ, ಸಹಾಯಕಿಯರಿಗೂ, ಮೂರೂ ತಾಲೂಕು ಕೇಂದ್ರಗಳಲ್ಲಿ ನಡೆಸಬೇಕು. ಅದರಲ್ಲಿ ಮಗುವಿನ ಮನೆಮಾತಿನಿಂದ ಕನ್ನಡಕ್ಕೆ ಬರುವ ಕ್ರಮ ಒಂದು ವಿಷಯವಾಗಬೇಕು. ಸಿದ್ದಿ, ಗೌಳಿ, ಕುಣಬಿ ಕೇರಿಗಳ ಸಹಾಯಕಿಯರು ಅದರಲ್ಲಿ ಕಲಿಯುವವರಷ್ಟೇ ಆಗಿರಬಾರದು, ಆ ವಿಷಯದ ಬೋಧಕರೂ ಆಗಬೇಕು.

ಊರಿನವರು ಮಾಡಬಹುದಾದದ್ದಕ್ಕೆ ಯಾರ ಆದೇಶವೂ ಬೇಕಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಮೂಲೆಗಳಿಗೆ ಹೈಸ್ಕೂಲು ಒಯ್ದರು. ಸರ್ಕಾರ ಬರುವ ತನಕ ಅವರು ಕಾಯಲಿಲ್ಲ. ನಮ್ಮ ಮೂರೂ ಪೇಟೆಗಳಲ್ಲಿ ಕಾಲೇಜುಗಳಿವೆ, ನಿವೃತ್ತ ಅಧ್ಯಾಪಕರಿದ್ದಾರೆ, ಭಾನುವಾರ ಖಾಲಿ ಇರುವ ಕೋಣೆಗಳಿವೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಹೇಳಿಕೊಡಲು ಮೂರ್ನಾಲ್ಕು ಜನ ಮನಸ್ಸು ಮಾಡಿದರೆ ಪಿಯುಸಿ ತರಗತಿ ಆರಂಭಿಸಬಹುದು. ಇಂಗ್ಲಿಷಿಗೆ ಹೆಚ್ಚು ಸಮಯ ಕೊಡಬೇಕು, ಅನೇಕರು ಎಡವುವುದು ಅಲ್ಲೇ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಸಂಜೆಯ ದುಡಿಮೆ ಅವರಿಗೆ ಮುಖ್ಯ, ಆದ್ದರಿಂದ ಪಾಠದ ಹೆಚ್ಚಿನ ಭಾಗ ಮಳೆಗಾಲದಲ್ಲೇ ಮುಗಿಯಬೇಕು. ಅಂಗನವಾಡಿಗಳ ಬಾಲವಿಕಾಸ ಸಮಿತಿಗಳು ಪರೀಕ್ಷಾ ಶುಲ್ಕ ಮತ್ತು ಬಸ್ ಚಾರ್ಜನ್ನು ನೋಡಿಕೊಳ್ಳಬಹುದು. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡಬೇಕೆಂದು ದತ್ತಿದಾನಿಗಳ ಕುಟುಂಬವನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಸಹಾಯಕಿಯರಿಗೆ ಎರಡು ಮಾತು. ದಿನಕ್ಕೊಂದು ಸಾಲಾದರೂ ಬರೆದಿಡಿ: ಇಂದು ಯಾವ ಹಾಡು ಹೇಳಿಸಿದೆ, ಯಾವ ಮಗು ಹೊಸದಾಗಿ ಏನು ಮಾಡಿತು, ಎಷ್ಟು ಹೊತ್ತು ಒಬ್ಬಳೇ ತರಗತಿ ನಡೆಸಿದೆ. ನಾಳೆ ಅನುಭವಕ್ಕೆ ಲೆಕ್ಕ ಕೇಳಿದಾಗ ಆ ನೋಟುಬುಕ್ಕೇ ನಿಮ್ಮ ಸಾಕ್ಷಿ. ಯಾವುದೇ ಸಂಸ್ಥೆಯ ಕೋರ್ಸಿಗೆ ಹಣ ಕಟ್ಟುವ ಮುನ್ನ ಆ ಪ್ರಮಾಣಪತ್ರ ಬಡ್ತಿಗೆ ಮಾನ್ಯವೇ ಎಂದು ಇಲಾಖೆಯಿಂದ ಬರಹದಲ್ಲಿ ತಿಳಿದುಕೊಳ್ಳಿ. ಬಾಯಿಮಾತಿನ ಭರವಸೆ ನಂಬಿ ಹಣ ಕಳೆದುಕೊಳ್ಳಬೇಡಿ.

ಉಳಿದ ಎಲ್ಲರಲ್ಲಿ ನನ್ನ ಕೋರಿಕೆ ಇದು. ಈ ವರ್ಷ ಪಿಯುಸಿ ಪರೀಕ್ಷೆಗೆ ಶುಲ್ಕ ಕಟ್ಟುವ ದಿನಾಂಕ ಬರುವುದಕ್ಕೆ ಮೊದಲು ನಿಮ್ಮ ಊರಿನ ಅಂಗನವಾಡಿಗೆ ಹೋಗಿ. ಸಹಾಯಕಿಯನ್ನು ಕಂಡು ಎಲ್ಲಿಯ ತನಕ ಓದಿದ್ದೀರಿ, ಮುಂದೆ ಓದಲು ಏನು ಅಡ್ಡಿಯಿದೆ ಎಂದು ಕೇಳಿ. ಅವರು ಹೇಳುವ ಅಡ್ಡಿಗಳಲ್ಲಿ ಒಂದನ್ನಾದರೂ ನಿವಾರಿಸುವ ಶಕ್ತಿ ನಿಮ್ಮಲ್ಲಿದೆ. ಅದನ್ನು ಮಾಡಿಕೊಡಿ.