ಬಿಸಿಲಿಗೆ ಹಿಡಿದು ನೋಡಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಶಾಲೆಯಲ್ಲಿ ಓದಿದವರಲ್ಲಿ ಡಾಕ್ಟರರಿದ್ದಾರೆ, ಮಾಸ್ಟ್ರುಗಳಿದ್ದಾರೆ, ಸೈನ್ಯಕ್ಕೆ ಹೋದವರಿದ್ದಾರೆ. ನಾನು ಆಫ್‌ಸೆಟ್ ಮೆಷಿನ್ ನಡೆಸಿ ಬದುಕಿದವನು. ಸ್ಮರಣ ಸಂಚಿಕೆಗೆ ಬಣ್ಣದ ಪುಟಗಳು ಬೇಕು, ಅದರ ಬಗ್ಗೆ ಏನಾದರೂ ಹೇಳು ಎಂದು ಸಮಿತಿಯವರು ಕೇಳಿದ್ದಾರೆ. ಹಾಗಾಗಿ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಒಂದು ಕರಪತ್ರ ಅಚ್ಚಿಗೆ ಬಂತು. ಅಡಿಕೆಯ ಹಳದಿ ಎಲೆ ರೋಗದ ಕುರಿತಾದದ್ದು. ಆ ರೋಗ ಏನೆಂದು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಸಂಪಾಜೆ, ಅರಂತೋಡು ಕಡೆಯ ಎಷ್ಟೋ ತೋಟಗಳು ಅದರಿಂದ ಬರಿದಾದವು. ಕರಪತ್ರದಲ್ಲಿ ಎರಡು ಚಿತ್ರ ಇದ್ದವು. ಎಡಗಡೆ ಆರೋಗ್ಯದ ಸೋಗೆ, ಬಲಗಡೆ ರೋಗ ಬಂದ ಸೋಗೆ. ಹೊರಸುತ್ತಿನ ಸೋಗೆಗಳ ಎಲೆತುದಿಯಲ್ಲಿ ಹಳದಿ ಶುರುವಾಗಿ ಒಳಗೆ ಬರುವುದನ್ನು ರೈತರು ಗುರುತಿಸಲಿ ಎಂಬುದೇ ಅದರ ಉದ್ದೇಶ.

ಅವತ್ತು ರಾತ್ರಿ ಪಾಳಿ. ಹಾಳೆ ನೋಡುವ ಮೇಜಿನ ಮೇಲಿನ ಟ್ಯೂಬ್‌ಲೈಟ್ ಕೆಟ್ಟಿತ್ತು. ಒಂದು ಬಲ್ಬು ನೇತುಹಾಕಿ ಕೆಲಸ ಮುಂದುವರಿಸಿದೆ. ಹಾಳೆ ತೆಗೆದು ನೋಡಿದರೆ ಹಳದಿ ಸಾಲದು ಅನ್ನಿಸಿತು. ಶಾಯಿಯ ಕೀ ತಿರುಗಿಸಿ ಹೆಚ್ಚಿಸಿದೆ. ಇನ್ನೂ ಸಾಲದು ಅನ್ನಿಸಿತು, ಇನ್ನಷ್ಟು ಹೆಚ್ಚಿಸಿದೆ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿಯಿತು.

ವಾರದ ನಂತರ ಊರಿಗೆ ಬಂದಾಗ ನೆರೆಮನೆಯ ಮಾವ ಆ ಕರಪತ್ರ ಹಿಡಿದುಕೊಂಡು ಅಂಗಳಕ್ಕೆ ಬಂದರು. ಅಚ್ಚು ಹಾಕಿದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ. "ಎರಡೂ ಹಳದಿಯೇ ಉಂಟಲ್ಲ ಮಾರಾಯ, ಇದರಲ್ಲಿ ರೋಗ ಬಂದದ್ದು ಯಾವುದು?" ಅಂತ ಕೇಳಿದರು. ಬಿಸಿಲಿನಲ್ಲಿ ನೋಡಿದೆ. ಎಡಗಡೆಯ ಹಸಿರು ಸೋಗೆಯೂ ಹಳದಿಗೆ ತಿರುಗಿತ್ತು. ಕರಪತ್ರವನ್ನು ಮತ್ತೆ ಅಚ್ಚು ಹಾಕಬೇಕಾಯಿತು. ಖರ್ಚಿನ ಒಂದು ಪಾಲು ನನ್ನ ಸಂಬಳದಿಂದ ಹೋಯಿತು. ಆದರೆ ಅಷ್ಟರಲ್ಲಿ ಎಷ್ಟು ಮಂದಿ ಆ ಚಿತ್ರ ನಂಬಿ ಒಳ್ಳೆಯ ಮರವನ್ನು ಸಂಶಯದಿಂದ ನೋಡಿದರೋ, ಆ ಲೆಕ್ಕ ನನ್ನ ಹತ್ತಿರ ಇಲ್ಲ.

ತಪ್ಪು ಎಲ್ಲಿ ಆಯಿತು? ಬಲ್ಬಿನ ಬೆಳಕೇ ಹಳದಿ. ಆ ಬೆಳಕಿನಲ್ಲಿ ಹಳದಿ ಶಾಯಿ ಬಿಳಿ ಕಾಗದದಿಂದ ಬೇರೆಯಾಗಿ ಕಾಣುವುದೇ ಕಷ್ಟ. ರಾತ್ರಿ ಬಲ್ಬಿನ ಕೆಳಗೆ ಬಿಳಿ ಪಂಚೆಯ ಅರಶಿನ ಕಲೆ ಅಷ್ಟಾಗಿ ಕಾಣುವುದಿಲ್ಲ, ಬೆಳಿಗ್ಗೆ ಅಂಗಳಕ್ಕೆ ಬಂದರೆ ಎದ್ದು ಕಾಣುತ್ತದೆ. ಮಕ್ಕಳು ಮನೆಯಲ್ಲಿ ಮಾಡಿ ನೋಡಬಹುದು. ನಮ್ಮ ತಾಯಂದಿರಿಗೆ ಇದು ಮೊದಲೇ ಗೊತ್ತು. ಸೀರೆ ಅಂಗಡಿಯಲ್ಲಿ ಎಷ್ಟೇ ಚಂದ ಕಂಡರೂ ಬಾಗಿಲ ಹತ್ತಿರ ತಂದು ಹಗಲ ಬೆಳಕಿಗೆ ಹಿಡಿದೇ ಕೊಳ್ಳುತ್ತಾರೆ. ಅದಕ್ಕೇ ಒಳ್ಳೆಯ ಮುದ್ರಣಾಲಯಗಳಲ್ಲಿ ಬಣ್ಣ ನೋಡಲು ಹಗಲಿಗೆ ಸಮನಾದ, 5000 ಕೆಲ್ವಿನ್‌ನ ದೀಪ ಇಟ್ಟಿರುತ್ತಾರೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಮೊಬೈಲಿನಲ್ಲಿ ಅಷ್ಟು ಚಂದ ಇದ್ದ ಫೋಟೋ ಪುಸ್ತಕದಲ್ಲಿ ಯಾಕೆ ಮಂಕಾಯಿತು? ಮೊಬೈಲು ಬೆಳಕಿನಿಂದ ಬಣ್ಣ ಮಾಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕು ಸೇರಿದರೆ ಬಿಳಿ. ನಾವು ಶಾಯಿಯಿಂದ ಮಾಡುತ್ತೇವೆ. ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗಾಢ ಗುಲಾಬಿ, ಹಳದಿ, ಮತ್ತು ಕಪ್ಪು. ಶಾಯಿ ಬೆಳಕನ್ನು ಕೊಡುವುದಿಲ್ಲ, ನುಂಗುತ್ತದೆ. ಸೇರಿದಷ್ಟೂ ಕತ್ತಲೆ. ಮಳೆ ನಿಂತ ಮೇಲೆ ಬಿಸಿಲು ಬಿದ್ದ ಗದ್ದೆಯ ಹಸಿರನ್ನು ಪರದೆ ಸುಮಾರಾಗಿ ತೋರಿಸೀತು. ಈ ನಾಲ್ಕು ಶಾಯಿಗಳಿಗೆ ಅಷ್ಟು ದೂರ ಹೋಗಲಾಗದು. ಅದು ಪ್ರೆಸ್ಸಿನವರ ಮೋಸವಲ್ಲ, ಶಾಯಿಯ ಮಿತಿ.

ಬಣ್ಣದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬರೇ ಚುಕ್ಕಿಗಳು. ಒಳ್ಳೆಯ ಕಾಗದದಲ್ಲಿ ಸಾಮಾನ್ಯವಾಗಿ ಒಂದು ಇಂಚಿಗೆ 150 ಸಾಲು. ನುಣುಪಾದ ಆರ್ಟ್ ಪೇಪರಿನಲ್ಲಿ ಚುಕ್ಕಿ ಇಟ್ಟಲ್ಲೇ ನಿಲ್ಲುತ್ತದೆ. ಮ್ಯಾಪ್‌ಲಿಥೋದಂಥ ಕಾಗದ ಶಾಯಿ ಹೀರಿಕೊಂಡು ಚುಕ್ಕಿ ಹರಡುತ್ತದೆ. ಅರ್ಧ ಜಾಗ ತುಂಬಲೆಂದು ಇಟ್ಟ ಚುಕ್ಕಿಗಳು ಮೂರರಲ್ಲಿ ಎರಡು ಪಾಲು ತುಂಬಿದಂತೆ ಕಾಣಬಹುದು. ಆಗ ಮುಖಗಳು ಕಪ್ಪಾಗುತ್ತವೆ. ಕೊನೆ ಗಳಿಗೆಯಲ್ಲಿ ಕಡಿಮೆ ಬೆಲೆಯ ಕಾಗದಕ್ಕೆ ಬದಲಾಯಿಸಿದರೆ ಚಿತ್ರಗಳನ್ನೂ ಹೊಸದಾಗಿ ಸಿದ್ಧ ಮಾಡಬೇಕು. ನಮ್ಮ ಮಳೆಗಾಲ ಇನ್ನೊಂದು ತಾಪತ್ರಯ. ತೇವಕ್ಕೆ ಕಾಗದ ಹಿಗ್ಗಿದರೆ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ನಮ್ಮ ಜಿಲ್ಲೆಗೆ ಮುದ್ರಣ ಹೊಸದಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಪ್ರೆಸ್ ತೆರೆದರು. ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಬಂತು. ಒಂದೇ ಶಾಯಿಯಲ್ಲಿ ಅಚ್ಚು ಹಾಕುವಾಗ ಅಕ್ಷರ ಸ್ಪಷ್ಟವಾಗಿ ಬಿದ್ದರೆ ಆಯಿತು. ಬಣ್ಣ ನಾಲ್ಕಾದ ಮೇಲೆ ಕಣ್ಣಂದಾಜು ಸಾಲದಾಯಿತು. "ಚೂರು ಕೆಂಪು ಮಾಡಿ" ಎಂದರೆ ನಿಮ್ಮ ಚೂರು ಬೇರೆ, ನನ್ನ ಚೂರು ಬೇರೆ.

ಅದಕ್ಕೆ ಪರಿಹಾರ ಅಳತೆ. ಅಡಿಕೆಯನ್ನು ಕೈಯಂದಾಜಿನಲ್ಲಿ ಮಾರುತ್ತೇವಾ? ತಕ್ಕಡಿಗೆ ಹಾಕುತ್ತೇವೆ. ಬಣ್ಣಕ್ಕೂ ತಕ್ಕಡಿ ಇದೆ, ಸ್ಪೆಕ್ಟ್ರೋಫೋಟೋಮೀಟರ್ ಅಂತ. ಅದು ಬಣ್ಣವನ್ನು ಮೂರು ಸಂಖ್ಯೆಗಳಲ್ಲಿ ಹೇಳುತ್ತದೆ: ಎಷ್ಟು ಬೆಳ್ಳಗಿದೆ, ಕೆಂಪು-ಹಸಿರಿನಲ್ಲಿ ಯಾವ ಕಡೆ ಇದೆ, ಹಳದಿ-ನೀಲಿಯಲ್ಲಿ ಯಾವ ಕಡೆ ಇದೆ. ಪ್ರತಿಯೊಂದು ಪರದೆ, ಮೆಷಿನು, ಕಾಗದ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂದು ಅಳೆದು ಬರೆದಿಟ್ಟ ಕಡತಕ್ಕೆ ಪ್ರೊಫೈಲ್ ಎನ್ನುತ್ತಾರೆ. ಒಂದು ಪ್ರೊಫೈಲಿನಿಂದ ಇನ್ನೊಂದಕ್ಕೆ ಬಣ್ಣವನ್ನು ಕಂಪ್ಯೂಟರ್ ಭಾಷಾಂತರ ಮಾಡುತ್ತದೆ. ಇದಕ್ಕೊಂದು ಸಾಮಾನ್ಯ ನಿಯಮ ಬೇಕೆಂದು 1993ರಲ್ಲಿ ಎಂಟು ಕಂಪನಿಗಳು ಸೇರಿ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟ ಮಾಡಿಕೊಂಡವು.

ಇದು ನಮಗೆ ದೂರದ ಮಾತಲ್ಲ. ಈ ಅಂಗಳದಲ್ಲಿ ನಾವು ಪ್ರತಿ ಆಗಸ್ಟ್ 15ಕ್ಕೆ ಧ್ವಜಕ್ಕೆ ವಂದಿಸಿದ್ದೇವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನಕ ಇದೆ. ಅದರಲ್ಲಿ ಕೇಸರಿ ಎಂದರೆ ಯಾವ ಕೇಸರಿ, ಹಸಿರು ಎಂದರೆ ಯಾವ ಹಸಿರು ಎಂಬುದನ್ನು ಸಂಖ್ಯೆಯಲ್ಲೇ ಗೊತ್ತುಪಡಿಸಿದ್ದಾರೆ. ಬಣ್ಣ ಹಾಕುವವನ ಇಷ್ಟಕ್ಕೆ ಬಿಟ್ಟಿಲ್ಲ.

ಸಮಿತಿಯವರಿಗೆ ಮೂರು ಮಾತು. ಒಂದು, ಫೋಟೋಗಳನ್ನು ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ. ಮೂಲ ಕಡತವನ್ನೇ ಕೊಡಿ. ಎರಡು, ಪುಸ್ತಕಕ್ಕೆ ಬಳಸುವ ಕಾಗದದ ಬಣ್ಣಕ್ಕೇ ಹೊಂದಿಸಿದ ಪ್ರೂಫ್ ಕೇಳಿ. ಪರದೆ ನೋಡಿ ಒಪ್ಪಿಗೆ ಕೊಡಬೇಡಿ. ಮೂರು, ಆ ಪ್ರೂಫನ್ನು ಹಗಲ ಬೆಳಕಿಗೆ ತಂದು ನೋಡಿ, ಒಬ್ಬರು ಸಹಿ ಹಾಕಿ. ಮೆಷಿನ್ ನಡೆಸುವವನಿಗೆ ಆ ಸಹಿ ಹಾಕಿದ ಹಾಳೆಯೇ ಆಧಾರ. ಅವತ್ತು ರಾತ್ರಿ ನನ್ನ ಮೇಜಿನ ಮೇಲೆ ಅಂಥ ಒಂದು ಹಾಳೆ ಇದ್ದಿದ್ದರೆ, ಬಲ್ಬಿನ ಕೆಳಗೆ ಎರಡನ್ನೂ ಪಕ್ಕಪಕ್ಕ ಇಟ್ಟಾದರೂ ನೋಡುತ್ತಿದ್ದೆ. ಕೀ ತಿರುಗಿಸುತ್ತಿರಲಿಲ್ಲ.

ಸಂಚಿಕೆ ಕೈಗೆ ಬಂದ ಮೇಲೆ ನಿಮಗೂ ಒಂದು ಕೆಲಸ ಇದೆ. ಅಂಗಡಿ ಗೋಡೆಯ ಹಳೆಯ ಪೋಸ್ಟರುಗಳು ನೀಲಿಯಾಗಿರುವುದನ್ನು ನೋಡಿದ್ದೀರಿ. ಬಿಸಿಲಿಗೆ ಹಳದಿ, ಮೆಜೆಂಟಾ ಮೊದಲು ಮಾಸುತ್ತವೆ, ಸಯಾನ್ ಉಳಿಯುತ್ತದೆ. ಆದ್ದರಿಂದ ಬಣ್ಣ ಪರೀಕ್ಷೆ ಮಾಡಲು ಬಿಸಿಲಿಗೆ ಹಿಡಿಯಿರಿ, ಆಮೇಲೆ ಕಪಾಟಿನಲ್ಲಿಡಿ. ಇನ್ನು 50 ವರ್ಷ ಕಳೆದು ಈ ಶಾಲೆಯ ನೂರರ ಹಬ್ಬಕ್ಕೆ ಯಾರೋ ಒಬ್ಬ ಹುಡುಗಿ ಅದನ್ನು ತೆರೆದಾಗ, ನಮ್ಮ ಮಾಸ್ಟ್ರುಗಳ ಮುಖ ಅವಳಿಗೆ ನೀಲಿಯಾಗಿ ಕಾಣದಿರಲಿ.